ಸ್ಟೀಲ್ ಡಬ್ಬಿಗೆ ಸಿಡಿಲು ಕೇಳಿಸಲಿಲ್ಲ

ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನನ್ನ ರಿಪೇರಿ ಅಂಗಡಿ ಇದೆ. ಟಿವಿ, ಮಿಕ್ಸರ್, ಮೊಬೈಲ್, ಮೋಟರ್ ಸ್ಟಾರ್ಟರ್, ಏನು ತಂದುಕೊಟ್ಟರೂ ಬಿಚ್ಚಿ ನೋಡುತ್ತೇನೆ. ಬೇಸಿಗೆ ರಜೆ ಬಂತೆಂದರೆ ಓಣಿಯ ಹುಡುಗರೆಲ್ಲ ಅಂಗಡಿ ಕಟ್ಟೆ ಮೇಲೆ. ಹಳೇ ಸ್ಪೀಕರಿನ ಅಯಸ್ಕಾಂತ ಕೊಡಿ, ಕೆಟ್ಟ ಮೋಟರ್ ಕೊಡಿ ಎಂದು ಜೀವ ತಿನ್ನುತ್ತಾರೆ. ಈ ಬೇಸಿಗೆ ಅವರನ್ನೇ ಕೂರಿಸಿಕೊಂಡು, ಸಿಡಿಲು ಹತ್ತಿರ ಬರುತ್ತಿದೆ ಎಂದು ಕೂಗಿ ಹೇಳುವ ಒಂದು ಡಬ್ಬಿ ಮಾಡಿದೆ. ಹಿಡಿದದ್ದು ಮೂರು ವಾರ. ಅದರಲ್ಲಿ ಎರಡು ವಾರ ಕೆಟ್ಟದ್ದನ್ನು ಸರಿ ಮಾಡುವುದರಲ್ಲೇ ಹೋಯಿತು.

ಬೇವಿನ ಮರ

ಇದೆಲ್ಲ ಶುರುವಾಗಿದ್ದು ಹೋದ ವರ್ಷ, ಮೇ ಮೊದಲ ವಾರದಲ್ಲಿ. ಭರಣಿ ಮಳೆಯ ದಿನಗಳು. ಸಂಜೆ ನಾಲ್ಕೂವರೆ ಇರಬೇಕು. ಊರ ಹೊರಗಿನ ಬಯಲಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಗಜೇಂದ್ರಗಡದ ದಿಕ್ಕಿಗೆ ಮೋಡ ಕಪ್ಪಿಟ್ಟಿತ್ತು. ಗುಡುಗೂ ಕೇಳುತ್ತಿತ್ತು. ಆದರೆ ಆಟದ ಬಯಲಲ್ಲಿ ಬಿಸಿಲಿತ್ತು. "ಮಳಿ ಬಂದ್ರ ಹೋಗೂಣು ತಗೋ" ಎಂದು ಆಟ ಮುಂದುವರಿಸಿದರು.

ಒಂದು ಹನಿಯೂ ಬಿದ್ದಿರಲಿಲ್ಲ. ಬಯಲಿನ ಮೂಲೆಯ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ನೆರಳಿಗೆಂದು ಅದರ ಬುಡದಲ್ಲಿ ನಿಂತಿದ್ದ ನಾಲ್ಕು ಆಡು ಸತ್ತವು. ಹುಡುಗರು ಅರವತ್ತು ಎಪ್ಪತ್ತು ಹೆಜ್ಜೆ ಆಚೆ ಇದ್ದರು. ಒಬ್ಬನಿಗೆ ಎರಡು ದಿನ ಕಿವಿ ಗುಂಯ್ ಅಂದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ಮೇಲಿನ ಕೊಂಬೆಯಿಂದ ಬುಡದ ತನಕ ಒಂದು ಗೇಣು ಅಗಲದ ತೊಗಟೆ ಪಟ್ಟಿ ಕಿತ್ತ ಹಾಗೆ ಸುಲಿದು ಹೋಗಿತ್ತು. ಒಳಗಿನ ಮರ ಹಸಿ ಕೊಬ್ಬರಿಯಂತೆ ಬೆಳ್ಳಗಿತ್ತು, ಮುಟ್ಟಿದರೆ ಒದ್ದೆ. ತೊಗಟೆಯ ಚೂರು ಹತ್ತು ಮಾರು ದೂರ ಚೆಲ್ಲಾಡಿದ್ದವು. ಮರ ಹೊತ್ತಿ ಉರಿದಿರುತ್ತದೆ ಅಂದುಕೊಂಡಿದ್ದೆ. ಸುಟ್ಟ ಗುರುತೇ ಇರಲಿಲ್ಲ. ಆಮೇಲೆ ಹೊಳೆಯಿತು. ತೊಗಟೆ ಕೆಳಗಿನ ನೀರು ಕಣ್ಣು ಮಿಟುಕಿಸುವುದರೊಳಗೆ ಉಗಿಯಾಗಿದೆ. ಸೀಟಿ ಕೆಟ್ಟ ಕುಕ್ಕರ್ ಸಿಡಿದ ಹಾಗೆ ತೊಗಟೆ ಹಾರಿದೆ.

ಆಡುಗಳ ಮೈ ಮೇಲೂ ಗಾಯ ಇರಲಿಲ್ಲ. ಮರಕ್ಕೆ ಬಡಿದ ಸಿಡಿಲು ಮರದಲ್ಲೇ ಉಳಿಯುವುದಿಲ್ಲ. ಪಕ್ಕದಲ್ಲಿ ನಿಂತವರ ಮೇಲೆ ಜಿಗಿಯುತ್ತದೆ, ಇಲ್ಲವೇ ಬೇರಿನಿಂದ ಇಳಿದು ನೆಲದಲ್ಲಿ ಸುತ್ತಲೂ ಹರಿಯುತ್ತದೆ. ಬುಡದ ಹತ್ತಿರ ವೋಲ್ಟೇಜ್ ಜಾಸ್ತಿ, ಒಂದು ಹೆಜ್ಜೆ ಆಚೆ ಕಡಿಮೆ. ಆಡಿನ ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ. ಕರೆಂಟು ಮುಂಗಾಲಲ್ಲಿ ಹತ್ತಿ, ಎದೆ ದಾಟಿ, ಹಿಂಗಾಲಲ್ಲಿ ಇಳಿಯುತ್ತದೆ. ದನ, ಕುರಿ ಸಿಡಿಲಿಗೆ ಒಟ್ಟೊಟ್ಟಿಗೆ ಸಾಯುವುದು ಹೆಚ್ಚಾಗಿ ಹೀಗೇ.

ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಹುಡುಗರ ಮಾತು. ಬೈದವರಿಗೆಲ್ಲ ಅವರದು ಒಂದೇ ಉತ್ತರ: "ಮಳೀನ ಬಂದಿದ್ದಿಲ್ಲಲ್ರಿ." ದೊಡ್ಡವರೂ ಅಷ್ಟೇ ಅಲ್ವಾ? ಮೈ ನೆನೆದರೆ ಓಡುತ್ತೇವೆ, ಗುಡುಗಿಗೆ ಯಾರೂ ಓಡುವುದಿಲ್ಲ. ಆದರೆ ಮಿಂಚು ಮೋಡದಿಂದ ನೆಟ್ಟಗೆ ಕೆಳಗೇ ಇಳಿಯಬೇಕೆಂಬ ನಿಯಮ ಇಲ್ಲ. ಅಡ್ಡಡ್ಡ ಹರಿದು, ಮಳೆ ಬೀಳುವ ಜಾಗದಿಂದ 10 ಕಿ.ಮೀ. ಆಚೆಗೂ ನೆಲ ಮುಟ್ಟುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ 2022ರ ಒಂದೇ ವರ್ಷ ದೇಶದಲ್ಲಿ 2,887 ಜನ ಸಿಡಿಲಿಗೆ ಸತ್ತಿದ್ದಾರೆ.

ಅಜ್ಜನ ರೇಡಿಯೋ

ಮೊದಲು ಖರ್ಚಿಲ್ಲದ ದಾರಿ ನೋಡಿದೆ. ಅಟ್ಟದ ಮೇಲೆ ಅಜ್ಜನ ಟ್ರಾನ್ಸಿಸ್ಟರ್ ಇತ್ತು. ಅಜ್ಜ ಅದರಲ್ಲಿ ಧಾರವಾಡದ 765 ಹಿಡಿದು ರೈತರ ಕಾರ್ಯಕ್ರಮ ಕೇಳುತ್ತಿದ್ದರು. ಮುಂಗಾರಿಗೆ ಮುಂಚೆ ಅದು ಚಟ್ ಚಟ್ ಅನ್ನುತ್ತಿತ್ತು. ಅಜ್ಜ ಬೈದು ಬಂದ್ ಮಾಡುತ್ತಿದ್ದರು. ಈಗ ನಮಗೆ ಬೇಕಾದದ್ದೇ ಆ ಚಟ್ ಚಟ್.

ಸೆಲ್ ಕೂರುವ ಜಾಗದಲ್ಲಿ ಪಾಚಿಯಂಥ ಹಸಿರು ಕಟ್ಟಿತ್ತು. ಉಪ್ಪುಕಾಗದದಿಂದ ಉಜ್ಜಿದೆ. ವಾಲ್ಯೂಮ್ ಗುಂಡಿಯ ಒಳಗೆ ಎರಡು ಹನಿ ಕ್ಲೀನರ್ ಬಿಟ್ಟು ಹತ್ತಿಪ್ಪತ್ತು ಸಲ ತಿರುಗಿಸಿದೆ. ಹಾಡಿತು! ಮೀಡಿಯಂ ವೇವ್‌ಗೆ ಹಾಕಿ, ಮುಳ್ಳನ್ನು ಎಡದ ತುದಿಗೆ ತಂದು, ಯಾವ ಸ್ಟೇಷನ್ನೂ ಇಲ್ಲದ ಜಾಗದಲ್ಲಿ ನಿಲ್ಲಿಸಿದೆ. ಅಂದು ಸಂಜೆ ಮೂಡಣದಲ್ಲಿ ಬಾನಂಚಿಗೆ ಮಿಂಚು ಹೊಳೆಯುತ್ತಿತ್ತು. ಒಂದೊಂದು ಮಿಂಚಿಗೂ ರೇಡಿಯೋದಲ್ಲಿ ಒಂದೊಂದು 'ಚರ್ರ್'. ಗುಡುಗು ಮಾತ್ರ ಕೇಳಿಸಲೇ ಇಲ್ಲ, ಅಷ್ಟು ದೂರ.

ಮಿಂಚೆಂದರೆ ದೊಡ್ಡದೊಂದು ಕಿಡಿ. ಕಿಡಿ ಹಾರಿದಾಗಲೆಲ್ಲ ರೇಡಿಯೋ ಅಲೆ ಹೊರಡುತ್ತದೆ. 1895ರಲ್ಲಿ ರಷ್ಯಾದ ಅಲೆಕ್ಸಾಂಡರ್ ಪೊಪೋವ್ ಮಾಡಿದ ಯಂತ್ರದ ಕೆಲಸ ಇದೇ ಆಗಿತ್ತು: ದೂರದಲ್ಲಿ ಮಿಂಚಿದರೆ ಇಲ್ಲಿ ಗಂಟೆ ಬಾರಿಸುವುದು. ಅಂದರೆ ರೇಡಿಯೋದಲ್ಲಿ ಹಾಡು, ಸುದ್ದಿ ಬರುವ ಎಷ್ಟೋ ಮುಂಚೆ ಅದು ಕೇಳಿದ್ದು ಮಿಂಚನ್ನು. ಹುಡುಗರಿಗೆ ಇದು ಬಹಳ ಹಿಡಿಸಿತು.

ಆದರೆ ರೇಡಿಯೋ ಕೆಲಸಕ್ಕೆ ಬರಲಿಲ್ಲ. ಪಕ್ಕದ ಹೊಲದ ಮೋಟರ್ ಶುರುವಾದರೂ ಚರ್ರ್. ಫ್ಯಾನ್ ಸ್ವಿಚ್ ಒತ್ತಿದರೂ ಚರ್ರ್. ಕಿವಿಗೊಟ್ಟು ಸಂಜೆಯೆಲ್ಲ ಕೂರುವವರು ಯಾರು? ಯಾವುದು ಮಿಂಚು, ಯಾವುದು ಮೋಟರ್ ಎಂದು ತಾನೇ ಬೇರೆ ಮಾಡುವ ಸಾಮಾನು ಬೇಕಿತ್ತು.

ಪಾರ್ಸೆಲ್ ಬರುವ ತನಕ

ಎಎಸ್3935 ಎಂಬ ಒಂದು ಚಿಪ್ ಇದೆ. ಉಗುರಿಗಿಂತ ಚಿಕ್ಕದು. ಪಕ್ಕದಲ್ಲಿ ಕಪ್ಪಗಿನ ಒಂದು ಕಾಯಿಲ್. ಅದು 500 ಕಿಲೋಹರ್ಟ್ಸ್‌ಗೆ ಕಿವಿಗೊಟ್ಟು ಕೂರುತ್ತದೆ. ಅಜ್ಜನ ರೇಡಿಯೋದ ಡಯಲ್ ಶುರುವಾಗುವುದಕ್ಕಿಂತ ಸ್ವಲ್ಪ ಹಿಂದೆ ಅನ್ನಿ. ಬಂದ ಸದ್ದಿನ ಆಕಾರ ನೋಡಿ ಇದು ಮಿಂಚೋ, ಬೇರೆ ಗದ್ದಲವೋ ಎಂದು ತೀರ್ಮಾನಿಸುತ್ತದೆ. 40 ಕಿ.ಮೀ. ತನಕ ದೂರವನ್ನೂ ಅಂದಾಜು ಹೇಳುತ್ತದೆ. ಅದನ್ನು ಕೂರಿಸಿದ ಬೋರ್ಡೊಂದನ್ನು ತರಿಸಿದೆ. ಪಾರ್ಸೆಲ್ ಬರಲು ಆರು ದಿನ ಬೇಕಾಯಿತು.

ಆ ಆರು ದಿನ ಹುಡುಗರು ಬಿಡಬೇಕಲ್ಲ! ಹಾಗಾಗಿ ಸಣ್ಣದೊಂದು ಮಿಂಚು ಮಾಡಿ ತೋರಿಸಿದೆ. ನಮ್ಮ ಕಡೆ ಕುರಿ ಉಣ್ಣೆಯ ಕಂಬಳಿಗೆ ಕೊರತೆ ಇಲ್ಲ. ನೀರಾವರಿಯ ಪಿವಿಸಿ ಪೈಪಿನ ಒಂದು ಮೊಳ ತುಂಡು ತಗೊಂಡೆ. ಬಾಗಿಲು ಹಾಕಿ ಕತ್ತಲು ಮಾಡಿದೆ. ಕಂಬಳಿಯಿಂದ ಪೈಪನ್ನು ಗಸಗಸ ಉಜ್ಜಿ, ಕರೆಂಟು ನೋಡುವ ಟೆಸ್ಟರನ್ನು, ತಲೆಯ ಲೋಹಕ್ಕೆ ಬೆರಳಿಟ್ಟು ಹಿಡಿದು, ಅದರ ತುದಿಯನ್ನು ಪೈಪಿಗೆ ತಾಗಿಸಿದೆ. ಒಳಗಿನ ಪುಟ್ಟ ಬಲ್ಬು ಒಂದೇ ಸಲ ಮಿಣುಕ್ ಅಂದಿತು. ಕಿತ್ತಳೆ ಬಣ್ಣದ ಬೆಳಕು. ಪೈಪಿನ ಮೇಲೆ ಬೇರೆ ಜಾಗ ಮುಟ್ಟಿದರೆ ಇನ್ನೊಂದು ಮಿಣುಕ್. ಎಲ್ಲರೂ ಒಂದೊಂದು ಸಲ ಮಾಡಿದರು. ಕಂಬಳಿ ಒಣಗಿರಬೇಕು, ಇಲ್ಲದಿದ್ದರೆ ಆಗುವುದಿಲ್ಲ. (ಟೆಸ್ಟರನ್ನು ಪೈಪಿಗಷ್ಟೇ ಮುಟ್ಟಿಸಬೇಕು, ಗೋಡೆಯ ಪ್ಲಗ್ಗಿಗಲ್ಲ. ಇದನ್ನು ಮೂರು ಸಲ ಹೇಳಿದೆ.)

ಮೋಡದಲ್ಲೂ ಉಜ್ಜಾಟವೇ. ಬಿಸಿಲಿಗೆ ಕಾದ ಗಾಳಿ ನೀರಿನ ಆವಿ ಹೊತ್ತು ಮೇಲೇರುತ್ತದೆ. ಕೆಳಗೆ ನಮಗೆ 40 ಡಿಗ್ರಿ ಸೆಕೆ ಇದ್ದರೂ ಅಷ್ಟು ಎತ್ತರದಲ್ಲಿ ಮಂಜುಗಟ್ಟುವ ಚಳಿ. ಅಲ್ಲಿ ಹಗುರ ಮಂಜಿನ ಹರಳು ಮೇಲೆ ಹೋಗುತ್ತಿರುತ್ತವೆ, ಮೆತ್ತನೆ ಆಲಿಕಲ್ಲು ಕೆಳಗೆ ಬೀಳುತ್ತಿರುತ್ತವೆ. ಒಂದಕ್ಕೊಂದು ಡಿಕ್ಕಿ ಹೊಡೆದು ಮೋಡದ ಮೇಲ್ಭಾಗದಲ್ಲಿ ಧನ ಚಾರ್ಜು, ಕೆಳಭಾಗದಲ್ಲಿ ಋಣ ಚಾರ್ಜು ಗುಡ್ಡೆ ಬೀಳುತ್ತದೆ. ಗಾಳಿ ತಡೆಯುವಷ್ಟು ತಡೆಯುತ್ತದೆ. ಒಂದು ಸೆಂಟಿಮೀಟರ್ ಕಿಡಿ ಹಾರಲು 30,000 ವೋಲ್ಟ್ ಹತ್ತಿರ ಬೇಕು. ತಡೆಯಲಾರದಾದಾಗ ಮೋಡದಿಂದ ಒಂದು ಕವಲು ಕೆಳಗಿಳಿಯಲು ಶುರು ಮಾಡುತ್ತದೆ. ಸರ್ರನೆ ಅಲ್ಲ, ಸುಮಾರು 50 ಮೀಟರಿನ ಒಂದೊಂದು ಮೆಟ್ಟಿಲು ಇಳಿದು, ತಡೆದು, ಮತ್ತೆ ಇಳಿಯುತ್ತದೆ. ನೆಲದ ಹತ್ತಿರ ಬಂದಾಗ ಕೆಳಗಿನ ಎತ್ತರದ ವಸ್ತುಗಳಿಂದ ಅದಕ್ಕೆ ಎದುರಾಗಿ ಸಣ್ಣ ಕಿಡಿ ಮೇಲೇಳುತ್ತದೆ. ಎರಡೂ ಕೂಡಿದರೆ ದಾರಿ ಸಿದ್ಧ. 30,000 ಆಂಪಿಯರ್ ಹರಿಯುತ್ತದೆ. ನಮ್ಮ ಮನೆಯ ಇಸ್ತ್ರಿ ಪೆಟ್ಟಿಗೆ ಎಳೆಯುವುದು 4 ಆಂಪಿಯರ್.

"ಎತ್ತರದ ವಸ್ತು ಅಂದ್ರ?" ಅಂದ ಒಬ್ಬ. ಎರೆ ಹೊಲದಲ್ಲಿ ಜೋಳ ಕೊಯ್ದಾದ ಮೇಲೆ ನಡುವೆ ನಿಂತರೆ ಎತ್ತರದ ವಸ್ತು ಅಂದರೆ ನೀನೇ ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹರಿದ ದಾರಿಯ ಗಾಳಿ 30,000 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯುತ್ತದೆ, ಸೂರ್ಯನ ಮೇಲ್ಮೈಗಿಂತ ಐದು ಪಟ್ಟು. ಕಾದ ಗಾಳಿ ಪಟಾಕಿ ಸಿಡಿದಂತೆ ಹಿಗ್ಗುತ್ತದೆ. ಅದೇ ಗುಡುಗು. ಕಂಡದ್ದು ಮಿಂಚು, ಕೇಳಿದ್ದು ಗುಡುಗು, ನೆಲಕ್ಕೆ ಬಡಿದದ್ದು ಸಿಡಿಲು. ಹೆಸರು ಮೂರಾದರೂ ಅಲ್ಲಿ ನಡೆದದ್ದು ಒಂದೇ. ಗುಡುಗು ಗುಡುಗುಡು ಎಂದು ಉರುಳುವುದು ಏಕೆಂದರೆ ಮಿಂಚಿನ ಉದ್ದವೇ ಹಲವು ಕಿ.ಮೀ. ಹತ್ತಿರದ ತುದಿಯ ಸದ್ದು ಮೊದಲು ಬರುತ್ತದೆ, ದೂರದ ತುದಿಯದು ಆಮೇಲೆ.

ಒಂದು, ಒಂದು, ಒಂದು

ಜೋಡಣೆ ಸುಲಭ. ಆರ್ಡುಯಿನೋ ನ್ಯಾನೋ (ನಾವು ಬರೆದ ಪ್ರೋಗ್ರಾಂ ನಡೆಸುವ ಪುಟ್ಟ ಬೋರ್ಡು) ಒಂದು, ಮಿಂಚಿನ ಬೋರ್ಡ್ ಒಂದು, ಬಜರ್ ಒಂದು, ಮೂರು ಎಲ್‌ಇಡಿ, ಅಂಕಿ ತೋರಿಸಲು ಚಿಕ್ಕ ಡಿಸ್‌ಪ್ಲೇ. ಬೋರ್ಡಿನ ಎರಡು ಡೇಟಾ ತಂತಿ ನ್ಯಾನೋದ ಎ4, ಎ5ಕ್ಕೆ. ಇಂಟರಪ್ಟ್ ತಂತಿ ಡಿ2ಕ್ಕೆ. ಚಿಪ್ಪಿಗೆ ಏನಾದರೂ ಕೇಳಿದರೆ ಆ ಡಿ2 ತಂತಿ ಎತ್ತುತ್ತದೆ. ಎತ್ತಿದ ಮೇಲೆ 2 ಮಿಲಿಸೆಕೆಂಡ್ ಕಾಯಬೇಕು, ಆಮೇಲೆ ಕಾರಣ ಓದಬೇಕು. ಅದು 8 ಅಂದರೆ ಮಿಂಚು. 4 ಅಂದರೆ ಮೋಸದ ಕಿಡಿ. 1 ಅಂದರೆ ಗದ್ದಲ ಜಾಸ್ತಿ, ಏನೂ ಕೇಳಿಸುತ್ತಿಲ್ಲ.

ಆನ್ ಮಾಡಿದೆವು. 1 ಬಂತು. ಮತ್ತೆ 1. ಮತ್ತೆ 1. ಬಾನು ಶುಭ್ರವಾಗಿದೆ, ಡಬ್ಬಿ ಒಂದು ಒಂದು ಒಂದು ಎಂದು ಚೀರುತ್ತಿದೆ.

ತಪ್ಪು ನನ್ನದೇ. ಮೊಬೈಲ್ ಚಾರ್ಜರಿನಿಂದ ಪವರ್ ಕೊಟ್ಟಿದ್ದೆ. ಅಗ್ಗದ ಚಾರ್ಜರ್ ಒಳಗೆ ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಆಗುವ ಸ್ವಿಚ್ ಇರುತ್ತದೆ. ಚಿಪ್ಪಿನ ಕಿವಿಗೆ ಅದು ಪಕ್ಕದಲ್ಲೇ ಡೊಳ್ಳು ಬಾರಿಸಿದ ಹಾಗೆ. ಚಾರ್ಜರ್ ಕಿತ್ತು ನಾಲ್ಕು ರೀಚಾರ್ಜ್ ಸೆಲ್ ಹಾಕಿದೆ, ಒಟ್ಟು 4.8 ವೋಲ್ಟ್. ಗದ್ದಲ ಮುಕ್ಕಾಲು ನಿಂತಿತು. ಡಿಸ್‌ಪ್ಲೇಯನ್ನು ಕಾಯಿಲ್‌ನಿಂದ ಒಂದು ಗೇಣು ದೂರ ಇಟ್ಟ ಮೇಲೆ ಪೂರ್ತಿ ನಿಂತಿತು.

ಸೆಲ್ ಹಾಕಿದ್ದರಿಂದ ಇನ್ನೊಂದು ಲಾಭವೂ ಆಯಿತು. ಸಿಡಿಲಿನ ಮರುದಿನ ನನ್ನ ಅಂಗಡಿಗೆ ಸೆಟ್‌ಟಾಪ್ ಬಾಕ್ಸ್, ರೂಟರ್, ಟಿವಿ ಸಾಲಾಗಿ ಬರುತ್ತವೆ. "ನಮ್ಮ ಮನಿಗೆ ಬಡದಿಲ್ರಿ, ಆದ್ರೂ ಹ್ಯಾಂಗ ಸುಟ್ಟಿತು?" ಅನ್ನುತ್ತಾರೆ. ಎಲ್ಲೋ ದೂರದಲ್ಲಿ ಲೈನಿಗೆ ಬಡಿದರೂ ಸಾಕು, ತಂತಿ ಹಿಡಿದು ಮನೆಗೆ ಬರುತ್ತದೆ. ಬಿಚ್ಚಿದರೆ ಒಳಗೆ ರೂಪಾಯಿ ನಾಣ್ಯದಂಥ ನೀಲಿ ಬಿಲ್ಲೆ ಎರಡು ಹೋಳಾಗಿ, ಸುತ್ತ ಮಸಿ ಮೆತ್ತಿರುತ್ತದೆ. ವೇರಿಸ್ಟರ್ ಅಂತಾರೆ. ಹೊಡೆತ ತಾನು ತಿಂದು ಉಳಿದದ್ದನ್ನು ಕಾಯಲು ನೋಡುತ್ತದೆ, ಎಲ್ಲ ಸಲವೂ ಆಗುವುದಿಲ್ಲ. ಅದಕ್ಕೇ ಮೋಡ ದೂರ ಇರುವಾಗಲೇ ಪ್ಲಗ್ ಕಿತ್ತಿಡಿ. ಗುಡುಗು ತಲೆ ಮೇಲೆ ಬಂದ ಮೇಲೆ ಕೀಳಲು ಹೋಗಬೇಡಿ, ಟಿವಿ ಸುಟ್ಟರೆ ಸುಡಲಿ. ಆ ಹೊತ್ತಲ್ಲಿ ಚಾರ್ಜಿಗೆ ಹಾಕಿದ ಫೋನ್ ಕೈಯಲ್ಲಿ ಬೇಡ. ನಲ್ಲಿ, ಸ್ನಾನವೂ ಬೇಡ. ತಂತಿ ಇಲ್ಲದ ಮೊಬೈಲ್ ಸಿಡಿಲನ್ನು ಕರೆಯುತ್ತದೆ ಅನ್ನುವುದು ಮಾತ್ರ ಸುಳ್ಳು.

ಇನ್ನು ಶ್ರುತಿ. ಕಾಯಿಲ್ 500ರಿಂದ ಹೆಚ್ಚೆಂದರೆ ನೂರಕ್ಕೆ ಮೂರೂವರೆ ಆಚೀಚೆ ಇರಬಹುದು. ಚಿಪ್ ತನ್ನ ಶ್ರುತಿಯನ್ನು 16ರಿಂದ ಭಾಗಿಸಿ ಡಿ2 ತಂತಿಯಲ್ಲೇ ಕೊಡುತ್ತದೆ, ಕೇಳುವ ಕ್ರಮದಲ್ಲಿ ಕೇಳಬೇಕು. ಸೆಕೆಂಡಿಗೆ 31,250 ಬರಬೇಕಿತ್ತು. ಎಣಿಸಿದರೆ 32,600. ಅಂದರೆ ಸುಮಾರು 522 ಕಿಲೋಹರ್ಟ್ಸ್, ಗೆರೆ ದಾಟಿದೆ. ಒಳಗೆ 0ರಿಂದ 15ರ ತನಕ ಮೆಟ್ಟಿಲು ಇವೆ, ಒಂದೊಂದಕ್ಕೆ 8 ಪಿಕೋಫ್ಯಾರಡ್‌ನ ಪುಟ್ಟ ಕೆಪಾಸಿಟರ್ ಸೇರಿ ಶ್ರುತಿ ಸ್ವಲ್ಪ ಇಳಿಯುತ್ತದೆ. ಹತ್ತನೇ ಮೆಟ್ಟಿಲಿಗೆ 31,280ಕ್ಕೆ ಬಂತು. ತಬಲಾ ಶ್ರುತಿ ಮಾಡಿದ ಹಾಗೆ, ಅಷ್ಟೇ. ಆಮೇಲೆ ಗ್ಯಾಸ್ ಒಲೆಯ ಲೈಟರನ್ನು ಹತ್ತಿರ ಹಿಡಿದು ಟಕ್ ಅನಿಸಿದೆ. 4 ತೋರಿಸಿತು. ಮೋಸದ ಕಿಡಿ ಎಂದು ಹಿಡಿದುಬಿಟ್ಟಿದೆ! ಹುಡುಗರು ಲೈಟರ್ ಕಸಿದುಕೊಂಡು ಅರ್ಧ ಗಂಟೆ ಅದನ್ನು ಮೋಸ ಮಾಡಲು ನೋಡಿದರು.

ಹಿಟ್ಟಿನ ಡಬ್ಬಿ

ಎಲ್ಲ ಸರಿಹೋಯಿತು ಅಂದುಕೊಂಡು ಚಂದ ಕಾಣಲಿ ಎಂದು ಒಂದು ಸ್ಟೀಲ್ ಟಿಫಿನ್ ಡಬ್ಬಿಯೊಳಗೆ ಕೂರಿಸಿದೆ. ಎಲ್‌ಇಡಿಗೆ ಮೂರು ಸಣ್ಣ ತೂತು, ಡಿಸ್‌ಪ್ಲೇ ತೆಗೆದುಬಿಟ್ಟೆ, ಮುಚ್ಚಳ ಬಿಗಿ.

ಅಂದು ರಾತ್ರಿ ಒಂಬತ್ತಕ್ಕೆ ಜೋರು ಗುಡುಗು ಮಳೆ. ಕಿಟಕಿಯೆಲ್ಲ ಬೆಳಕು. ಅಜ್ಜನ ರೇಡಿಯೋ ಎಣ್ಣೆಗೆ ಸಾಸಿವೆ ಹಾಕಿದಂತೆ ಸಿಡಿಯುತ್ತಿದೆ. ನಮ್ಮ ಡಬ್ಬಿ ಮಾತ್ರ ಸುಮ್ನೆ ಕೂತಿದೆ. ಒಂದು ಬೀಪ್ ಇಲ್ಲ. ಪ್ರೋಗ್ರಾಂ ಮೂರು ಸಲ ಓದಿದೆ. ತಂತಿ ಎಳೆದು ನೋಡಿದೆ. ಬೋರ್ಡೇ ಸತ್ತಿತು ಅಂದುಕೊಂಡು ಬೇಜಾರಲ್ಲಿ ಮಲಗಿದೆ.

ಬೆಳಿಗ್ಗೆ ಮುಚ್ಚಳ ತೆಗೆದು ಲೈಟರ್ ಟಕ್ ಅನಿಸಿದರೆ, ಬೀಪ್! ಮುಚ್ಚಳ ಹಾಕಿ ಟಕ್ ಅನಿಸಿದೆ. ಸದ್ದಿಲ್ಲ. ನಾನು ಇನ್ನೂ ತಲೆ ಕೆರೆಯುತ್ತಿದ್ದೆ. ಎಂಟನೇ ಕ್ಲಾಸಿನ ನಮ್ಮ ಅಣ್ಣನ ಮಗಳು ಒಳಗೆ ಹೋಗಿ ಜೋಳದ ಹಿಟ್ಟಿನ ದೊಡ್ಡ ಸ್ಟೀಲ್ ಡಬ್ಬಿ ಖಾಲಿ ಮಾಡಿ ತಂದಳು. ಹಾಡುತ್ತಿದ್ದ ರೇಡಿಯೋವನ್ನು ಅದರೊಳಗೆ ಇಟ್ಟು ಮುಚ್ಚಳ ಒತ್ತಿದಳು. ಹಾಡು ನಿಂತಿತು. ತೆಗೆದಳು. ಹಾಡಿತು. "ಕಾಕಾ, ಡಬ್ಬಿ ಒಳಗ ಅಲಿ ಹೋಗವಲ್ದು." ಇಪ್ಪತ್ತು ವರ್ಷ ರೇಡಿಯೋ ರಿಪೇರಿ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಹಿಟ್ಟು ಚೆಲ್ಲಿದ್ದಕ್ಕೆ ಅತ್ತಿಗೆಯ ಬೈಗುಳ ನನಗೇ ಬಿತ್ತು.

ಲೋಹದ ಡಬ್ಬಿಗೆ ಅಲೆ ಬಡಿದಾಗ ಕರೆಂಟು ಡಬ್ಬಿಯ ಮೈ ಮೇಲೇ ಓಡಾಡುತ್ತದೆ. ಒಳಗೆ ಹೋಗುವುದಿಲ್ಲ. ಗುಡುಗುವಾಗ ಬಸ್ಸಿನೊಳಗೆ ಇದ್ದರೆ ಕ್ಷೇಮ ಅನ್ನುವುದೂ ಇದೇ ಕಾರಣಕ್ಕೆ. ಬಡಿದರೂ ತಗಡಿನ ಮೈ ಮೇಲೆ ಹರಿದು ನೆಲಕ್ಕಿಳಿಯುತ್ತದೆ. ಕಿಟಕಿ ಏರಿಸಿ, ಕಂಬಿ ಮುಟ್ಟದೆ ಕೂತರೆ ಆಯಿತು. ಟೈರು ರಬ್ಬರಿನದು ಅದಕ್ಕೇ ಎಂದು ನನಗೂ ಚಿಕ್ಕಂದಿನಲ್ಲಿ ಹೇಳಿದ್ದರು. ಕಿ.ಮೀ.ಗಟ್ಟಲೆ ಗಾಳಿಯನ್ನೇ ಸೀಳಿ ಬಂದ ಸಿಡಿಲಿಗೆ ಒಂದು ಗೇಣು ರಬ್ಬರ್ ಯಾವ ಲೆಕ್ಕ? ಹವಾಯಿ ಚಪ್ಪಲಿಯೂ ಅಷ್ಟೇ. ಹಾಗಾಗಿ ಬೈಕು, ಆಟೋ, ಮೇಲ್ಗಡೆ ತೆರೆದ ಟ್ರ್ಯಾಕ್ಟರ್ ಲೆಕ್ಕಕ್ಕಿಲ್ಲ. ನಾಲ್ಕು ಕಂಬಕ್ಕೆ ತಗಡು ಹೊದಿಸಿದ ಬಸ್‌ಸ್ಟಾಪೂ ಡಬ್ಬಿ ಅಲ್ಲ, ಬರೀ ಮುಚ್ಚಳ.

ಟಿಫಿನ್ ಡಬ್ಬಿ ತೆಗೆದು ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ ಹಾಕಿದೆವು, ಡಿಸ್‌ಪ್ಲೇಯನ್ನು ಉದ್ದ ತಂತಿಯಲ್ಲಿ ಹೊರಗಿಟ್ಟೆವು. ನೋಡಲು ಚಂದವಿಲ್ಲ. ಮೂರನೇ ದಿನ ಸಂಜೆ ಮೊದಲ 8 ಬಂತು, ದೂರ 37.

ಅರ್ಜುನ, ಫಲ್ಗುಣ

ಡಬ್ಬಿ ಹೇಳುವ ದೂರ ನಿಜವೋ ಎಂದು ನೋಡಬೇಕಲ್ಲ. ಮಿಂಚು ಕಂಡಾಗಿನಿಂದ ಗುಡುಗು ಕೇಳುವ ತನಕ ಸೆಕೆಂಡ್ ಎಣಿಸಬೇಕು. ಬೆಳಕು ತಕ್ಷಣ ಬರುತ್ತದೆ, ಸದ್ದು ನಮ್ಮ ಬೇಸಿಗೆ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 350 ಮೀಟರ್. ಮೂರು ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಕಿ.ಮೀ.

ಗಡಿಯಾರ ಹಿಡಿದು ಎಣಿಸಲು ಯಾರೂ ಒಪ್ಪಲಿಲ್ಲ. ಅಷ್ಟರಲ್ಲಿ ಗುಡುಗಿತು, ನಮ್ಮ ಅವ್ವ ಒಳಗಿಂದ ಶುರು ಮಾಡಿದಳು: "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ." ಸರಿಯಾಗಿ ಹತ್ತು ಹೆಸರು! ಒಂದು ಹೆಸರಿಗೆ ಒಂದು ಸೆಕೆಂಡ್ ಆದರೆ ಒಂದು ಸುತ್ತಿಗೆ ಮೂರೂವರೆ ಕಿ.ಮೀ., ಮೂರು ಸುತ್ತಿಗೆ 10 ಕಿ.ಮೀ. ಮೂರು ಸುತ್ತು ಮುಗಿಯುವುದರೊಳಗೆ ಗುಡುಗು ಕೇಳಿದರೆ ಮುಂದಿನ ಸಿಡಿಲು ನಮ್ಮ ಊರಿಗೇ ಬೀಳಬಹುದು.

ತೊಂದರೆ ಏನೆಂದರೆ, ಹೆದರಿಕೆಗೆ ಹುಡುಗರು ಹತ್ತೂ ಹೆಸರನ್ನು ನಾಲ್ಕು ಸೆಕೆಂಡಿನಲ್ಲಿ ಮುಗಿಸುತ್ತಿದ್ದರು. ಅದಕ್ಕೆ ದಾರಕ್ಕೆ ಒಂದು ನಟ್ ಕಟ್ಟಿದೆ. ಬೆರಳಿನಿಂದ ನಟ್ಟಿನ ನಡುವಿನ ತನಕ 25 ಸೆಂ.ಮೀ. ಮೆಲ್ಲಗೆ ತೂಗಿಬಿಟ್ಟರೆ ಹೋಗಿ ಬರಲು ಸರಿಯಾಗಿ ಒಂದು ಸೆಕೆಂಡ್. ನಟ್ ಒಮ್ಮೆ ಹೋಗಿ ಬಂದರೆ ಒಂದು ಹೆಸರು. ಎರಡು ದಿನ ತೂಗಿದ ಮೇಲೆ ನಟ್ ಇಲ್ಲದೆಯೂ ತಾಳ ಕೂತಿತು.

ಆಮೇಲೆ ಮನೆಯೊಳಗೆ, ಕಿಟಕಿ ಹಾಕಿಕೊಂಡು ಎಣಿಕೆ. ನೋಟ್‌ಬುಕ್ಕಿನಲ್ಲಿ ಎರಡು ಸಾಲು, ಒಂದಕ್ಕೆ 'ಡಬ್ಬಿ', ಇನ್ನೊಂದಕ್ಕೆ 'ಅರ್ಜುನ'. ಒಂದು ಸಲ ಎರಡನೇ ಸುತ್ತಿನ ವಿಜಯನಿಗೆ ಗುಡುಗಿತು. 17 ಸೆಕೆಂಡ್, 6 ಕಿ.ಮೀ. ಡಬ್ಬಿಯೂ 6. ಎಲ್ಲರೂ ಚಪ್ಪಾಳೆ. ಮುಂದಿನದು 26 ಸೆಕೆಂಡ್, 9 ಕಿ.ಮೀ. ಡಬ್ಬಿ ಇನ್ನೂ 6 ಅನ್ನುತ್ತಿದೆ. ಜಗಳ ಶುರು. ಡಬ್ಬಿ ಹೇಳುವುದು ಮೋಡದ ಗುಂಪಿನಲ್ಲಿ ನಮಗೆ ಹತ್ತಿರದ ಅಂಚು ಎಷ್ಟು ದೂರ ಅನ್ನುವ ಅಂದಾಜನ್ನು. ಅರ್ಜುನ ಹೇಳುವುದು ಈಗಷ್ಟೇ ಹೊಳೆದ ಆ ಒಂದು ಮಿಂಚನ್ನು. ಎರಡೂ ಬೇರೆ.

"ಕಾಕಾ, ಇದಕ್ಕ ಏಳು, ಒಂಬತ್ತು ಬರಂಗಿಲ್ಲೇನು?" ಅಂತ ಕೇಳಿದವನು ಐದನೇ ಕ್ಲಾಸಿನವನು. ನೋಟ್‌ಬುಕ್ ತಿರುವಿ ನೋಡಿದರೆ ನಿಜವೇ. ಚಿಪ್ಪಿಗೆ ಗೊತ್ತಿರುವುದು ಕೆಲವೇ ಅಂಕಿ. 40, 37, 34, 31, 27, 24, 20, 17, 14, 12, 10, 8, 6, 5. ಅದಕ್ಕಿಂತ ಹತ್ತಿರ ಬಂದರೆ 1, ಅಂದರೆ ತಲೆ ಮೇಲೆ.

ಹಸಿರು ದೀಪ

ಮೊದಲು ಮೂರು ದೀಪ ಇಟ್ಟಿದ್ದೆ. 20ಕ್ಕಿಂತ ದೂರ ಇದ್ದರೆ ಹಳದಿ. 20 ಅಥವಾ ಅದಕ್ಕಿಂತ ಹತ್ತಿರ ಬಂದರೆ ಕೆಂಪು, ಬಜರ್. ಏನೂ ಇಲ್ಲದಿದ್ದರೆ ಹಸಿರು.

ಒಂದು ಸಂಜೆ ಹಸಿರು ಉರಿಯುತ್ತಿತ್ತು. ಊರ ಮೇಲೇ ಮೋಡ ಕಟ್ಟಿತು. ಅದರ ಮೊದಲ ಮಿಂಚೇ ಕೆರೆ ದಂಡೆಗೆ ಬಡಿಯಿತು. ಅದಾದ ಮೇಲೆ ಡಬ್ಬಿ ಕೆಂಪಾಯಿತು. ಡಬ್ಬಿಯದು ತಪ್ಪಲ್ಲ. ಮಿಂಚಿದ ಮೇಲೆ ತಾನೇ ಅದಕ್ಕೆ ಕೇಳುವುದು? ತಪ್ಪು ನನ್ನ ಹಸಿರು ದೀಪದ್ದು. ಒಬ್ಬ ಹುಡುಗ ಆ ಹಸಿರು ನೋಡಿಯೇ ಎಮ್ಮೆ ಬಿಚ್ಚಲು ಹೊರಟಿದ್ದ. ಅವತ್ತೇ ಕಟ್ಟರ್ ತಗೊಂಡು ಹಸಿರು ಎಲ್‌ಇಡಿಯ ಕಾಲು ಕತ್ತರಿಸಿದೆ. ಆ ತೂತಿಗೆ ಎಂ-ಸೀಲ್ ಮೆತ್ತಿದೆ. ಒಳಗೆ ಬನ್ನಿ ಎಂದು ಡಬ್ಬಿ ಹೇಳಲಿ, ಹೊರಗೆ ಹೋಗಿ ಎಂದು ಹೇಳುವುದು ಬೇಡ.

ಪ್ರೋಗ್ರಾಮಿಗೆ ಇನ್ನೊಂದು ಸಾಲು ಸೇರಿಸಿದೆ. ಕೊನೆಯ ಮಿಂಚಿನಿಂದ 30 ನಿಮಿಷ ಕೆಂಪು ಆರುವುದಿಲ್ಲ. ನಡುವೆ ಇನ್ನೊಂದು ಮಿಂಚಿದರೆ ಮತ್ತೆ ಒಂದರಿಂದ ಎಣಿಕೆ. ಮಳೆ ನಿಂತಿತು ಎಂದು ಹೊರಟವರಿಗೇ ಬಾಲದ ಸಿಡಿಲು ಬಡಿಯುವುದು. ಈ ಅರ್ಧ ಗಂಟೆ ಹುಡುಗರಿಗೆ ಸ್ವಲ್ಪವೂ ಇಷ್ಟವಿಲ್ಲ.

ಇದಕ್ಕಿಂತ ಒಳ್ಳೆಯದು ಫೋನಿನಲ್ಲೇ ಇದೆ ಎಂದೂ ಹೇಳಿಬಿಡುತ್ತೇನೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ', ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್‌ಗಳು ಹಲವು ಕಡೆ ನೆಟ್ಟ ಸೆನ್ಸರ್‌ಗಳಿಂದ ಲೆಕ್ಕ ಹಾಕುತ್ತವೆ. ನಮ್ಮದು ಒಂದೇ ಕಿವಿ. ಆದರೆ ಬಯಲಲ್ಲಿ ಆಡುವವರ ಜೇಬಲ್ಲಿ ಫೋನ್ ಇರುವುದಿಲ್ಲ.

ಕುರಿ ಕಾಯುವ ಒಬ್ಬರು ಅಂಗಡಿಗೆ ಬಂದು ಡಬ್ಬಿ ನೋಡಿ ಕೇಳಿದರು, "ನಾವು ಗುಡ್ಡದಾಗ ಇರ್ತೀವಿ, ಎಲ್ಲಿ ಓಡೂದು?" ಸುಲಭದ ಉತ್ತರ ಇಲ್ಲ. ಗುಡುಗಿನ ಮೊದಲ ಸದ್ದಿಗೇ ಹೊರಟು ಆರ್‌ಸಿಸಿ ಮನೆಯೋ, ನಿಂತ ಬಸ್ಸೋ ಸೇರಬೇಕು. ಅದಾಗದಿದ್ದರೆ ದಿಬ್ಬದಿಂದ ಇಳಿಯಬೇಕು, ಒಂಟಿ ಮರ, ತಂತಿ ಬೇಲಿ, ನೀರು ಬಿಟ್ಟು ದೂರ ಸರಿಯಬೇಕು. ಗುಂಪಾಗಿ ನಿಲ್ಲದೆ ಚದುರಬೇಕು. ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಬೇಕು, ಮಲಗಬಾರದು. ಇದು ಕಾಪಾಡುತ್ತದೆ ಎಂದಲ್ಲ, ಅಪಾಯ ಸ್ವಲ್ಪ ಕಡಿಮೆ ಮಾಡುತ್ತದೆ ಅಷ್ಟೇ. ಯಾರಿಗಾದರೂ ಬಡಿದರೆ ಮುಟ್ಟಲು ಹೆದರಬೇಡಿ, ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಎದೆಯ ನಡುವೆ ನಿಮಿಷಕ್ಕೆ ನೂರರ ಮೇಲೆ ಒತ್ತುತ್ತಾ ಇರಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು.

ಕೃತ್ತಿಕಾ ಮಳೆ

ಈಗ ಡಬ್ಬಿ ಬಯಲಿನ ಪಕ್ಕದ ನಮ್ಮ ಮನೆಯ ಪಡಸಾಲೆ ಕಿಟಕಿಯಲ್ಲಿದೆ. ಸೆಲ್ ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು, ಅದೊಂದು ರಗಳೆ. ಡಿಸ್‌ಪ್ಲೇ ಆರಿಸಿಟ್ಟರೆ ಇನ್ನೂ ಬಾಳಬಹುದು, ಆ ಕೆಲಸ ಬಾಕಿ ಇದೆ. ಬಜರ್ ಸದ್ದು ಬಯಲಿನ ಆಚೆ ತುದಿಗೆ ಮುಟ್ಟುವುದಿಲ್ಲ. ಹಳೇ ಬೈಕಿನ ಹಾರ್ನ್ ಹಾಕೋಣ ಎಂದು ಹುಡುಗರು ಗಂಟುಬಿದ್ದಿದ್ದಾರೆ.

ಮೊನ್ನೆ ಸಂಜೆ ನಾನು ಅಂಗಡಿಯಲ್ಲಿದ್ದೆ. ಮನೆಗೆ ಬಂದರೆ ಪಡಸಾಲೆ ತುಂಬ ಹುಡುಗರು, ಅವ್ವ ಎಲ್ಲರಿಗೂ ಚುರುಮುರಿ ಕೊಡುತ್ತಿದ್ದಳು. ಹೊರಗೆ ಇನ್ನೂ ಬಿಸಿಲು. ಬಯಲಲ್ಲಿ ಸ್ಟಂಪು ನೆಟ್ಟ ಹಾಗೇ ಇದ್ದವು. ಡಬ್ಬಿ ಕೂಗಿತಾ ಎಂದು ಕೇಳಿದೆ. ಅಣ್ಣನ ಮಗಳು ಮಾತಾಡದೆ ನೋಟ್‌ಬುಕ್ ಮುಂದಕ್ಕೆ ಹಿಡಿದಳು. ಪೆನ್ಸಿಲಿನಲ್ಲಿ ಹೀಗೆ ಬರೆದಿದ್ದಳು:

ಡಬ್ಬಿ: ಸೆಲ್ ಇಳದಾವ, ಸುಮ್ನ ಐತಿ.
ಅರ್ಜುನ: ಎರಡು ಸುತ್ತು, ಮ್ಯಾಲ ಕಿರೀಟಿ.
ಚೆಂಡು: ಹೊರಗ ಐತಿ.